ಒಂದು ಪೆನ್ಸಿಲ್ ಗೆರೆ, ಒಂದು ಹನಿ ಕಿತ್ತಳೆ ಬಣ್ಣ

ವೈದ್ಯರು ರಿಪೋರ್ಟ್ ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಇನ್ನು ಹುಡುಗನ ಹೊಟ್ಟೆ ಮುಟ್ಟಿ ನೋಡುತ್ತಾರೆ, ನಾಲಿಗೆ ಚಾಚು ಅನ್ನುತ್ತಾರೆ ಅಂತ ನಾವು ಕಾದಿದ್ದರೆ ಅವರು ಮಾಡಿದ್ದೇ ಬೇರೆ. ಅವನ ಕೈಹಿಡಿದು ಸೀದಾ ಗೋಡೆಯ ಹತ್ತಿರ ಕರೆದುಕೊಂಡು ಹೋದರು.

"ಚಪ್ಪಲಿ ಬಿಡು ಪುಟ್ಟಾ. ಹಿಮ್ಮಡಿ ಗೋಡೆಗೆ ತಾಗಲಿ. ಹಾಂ, ಈಗ ನೆಟ್ಟಗೆ ನಿಂತು ಆ ಕ್ಯಾಲೆಂಡರ್ ನೋಡು."

ತಲೆಯ ಮೇಲೆ ಪಟ್ಟಿ ಇಳಿಸಿದರು. ಪೆನ್ಸಿಲ್ ತೆಗೆದು ಗೋಡೆಗೊಂದು ಸಣ್ಣ ಗೆರೆ ಎಳೆದರು. 110 ಸೆಂಟಿಮೀಟರ್.

ಅವನು ನನ್ನ ಅಕ್ಕನ ಮೊಮ್ಮಗ, ಆರೂವರೆ ವರ್ಷ. ಊಟ ಸೇರುವುದಿಲ್ಲ, ಓರಗೆಯ ಮಕ್ಕಳಷ್ಟು ಬೆಳೆಯುತ್ತಿಲ್ಲ, ರಾತ್ರಿ ಇನ್ನೂ ಹಾಸಿಗೆ ಒದ್ದೆಯಾಗುತ್ತದೆ ಅಂತ ತೋರಿಸಲು ಬಂದಿದ್ದೆವು. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 0.9 ಎಂದಿತ್ತು. ಅದರ ಪಕ್ಕದಲ್ಲಿ, ಸಹಜ ಮಿತಿ 0.6ರಿಂದ 1.2 ಎಂದು ಅಚ್ಚಾಗಿತ್ತು. ದಪ್ಪಕ್ಷರವಿಲ್ಲ, ಕೆಂಪು ಗುರುತಿಲ್ಲ. ದಾರಿಯುದ್ದಕ್ಕೂ ಆ ಹಾಳೆಯನ್ನು ಎದೆಗವಚಿಕೊಂಡು ಬಂದಿದ್ದ ಅಕ್ಕ, "ಎಲ್ಲಾ ನಾರ್ಮಲ್ ಅಂತ ಬಂದಿದೆಯಲ್ವಾ ಡಾಕ್ಟ್ರೇ?" ಎಂದಳು.

"ಈ ರಕ್ತ ನಿಮ್ಮ ಮಗಂದಾಗಿದ್ರೆ ನಾರ್ಮಲ್ಲೇ ಅಮ್ಮಾ. ಇದು ಮೊಮ್ಮಗಂದು. ಅದಕ್ಕೇ ಎತ್ತರ ನೋಡ್ದೆ."

ಮೊಬೈಲ್ ತೆಗೆದು ಲೆಕ್ಕ ಹಾಕಿದರು. 0.413 ಇಂಟು 110, ಭಾಗಿಸು 0.9. ಪರದೆಯ ಮೇಲೆ 50 ದಾಟಿ ಚೂರು ಬಂತು. "ನೂರರ ಆಸುಪಾಸು ಇರ್ಬೇಕಿತ್ತು. ಇವನ ಕಿಡ್ನಿಗಳು ಹೆಚ್ಚುಕಡಿಮೆ ಅರ್ಧ ಕೆಲಸ ಮಾಡ್ತಿವೆ."

ಅಕ್ಕನ ಮುಖ ಬಿಳಿಚಿಕೊಂಡಿತು. ನನಗೂ ಎದೆ ಧಸಕ್ಕೆಂದಿತು. ಆದರೆ ಆ ದುಗುಡದ ಒಳಗೇ ಇನ್ನೊಂದು ಪ್ರಶ್ನೆ ಎದ್ದು ಕೂತಿತು, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹೊಟ್ಟೆಯ ಹಿಂದೆ, ಬೆನ್ನಿಗಂಟಿಕೊಂಡು ಅಡಗಿರುವ ಎರಡು ಪುಟ್ಟ ಅಂಗಗಳು ಎಷ್ಟು ದುಡಿಯುತ್ತಿವೆ ಎನ್ನುವುದು ಗೋಡೆಯ ಮೇಲಿನ ಪೆನ್ಸಿಲ್ ಗೆರೆಗೆ ಹೇಗೆ ಗೊತ್ತಾಯಿತು? ಅಪ್ಪನ ರಕ್ತದಲ್ಲಿ ಆರೋಗ್ಯ ಎಂದು ಓದಿಸಿಕೊಳ್ಳುವ 0.9, ಮಗನ ರಕ್ತದಲ್ಲಿ ಅರ್ಧ ನಷ್ಟ ಎಂದು ಹೇಗೆ ಓದಿಸಿಕೊಂಡಿತು?

ಆ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಸಿಕ್ಕಿದ್ದು ಒಂದು ಅದ್ಭುತ ಲೋಕ.

ಮೊದಲು ಕಿಡ್ನಿಯ ದುಡಿಮೆಯನ್ನೇ ನೋಡಿ. ದೊಡ್ಡವರ ಎರಡು ಕಿಡ್ನಿಗಳು ಸೇರಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರ್ ನೀರಂಶವನ್ನು ರಕ್ತದಿಂದ ಸೋಸುತ್ತವೆ. ದಿನಕ್ಕೆ 180 ಲೀಟರ್ ಹತ್ತಿರ! ಮನೆಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಲೆಕ್ಕದಲ್ಲಿ ಒಂಬತ್ತು ಕ್ಯಾನ್. ಒಂಬತ್ತು ಕ್ಯಾನ್ ಸೋಸಿ, ಅದರಲ್ಲಿ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ಮತ್ತೆ ರಕ್ತಕ್ಕೇ ಮರಳಿಸುತ್ತವೆ. ಆರೋಗ್ಯವಂತನಾಗಿದ್ದರೆ ನಮ್ಮ ಹುಡುಗನಷ್ಟು ಎತ್ತರದ ಮಗು ದಿನಕ್ಕೆ ಸುಮಾರು ನಾಲ್ಕು ಕ್ಯಾನ್ ಸೋಸುತ್ತದೆ. ಈಗತಾನೇ ಹುಟ್ಟಿದ, ಮೂರು ಕೆ.ಜಿ. ತೂಗುವ ಕೂಸು? ನಿಮಿಷಕ್ಕೆ ಅರ್ಧ ಟೀ ಚಮಚ. ಅಷ್ಟೇ. ಆ ಅರ್ಧ ಚಮಚದಲ್ಲೇ ದಿನಕ್ಕೆ ಮೂರು ಲೀಟರು ಮೀರುತ್ತದೆ. ಆ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಕಾಲು ಲೀಟರಿನ ಆಸುಪಾಸು ಮಾತ್ರ ಎನ್ನುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಈ ಸೋಸುವ ವೇಗಕ್ಕೆ ವೈದ್ಯರು ಜಿ.ಎಫ್.ಆರ್. ಎನ್ನುತ್ತಾರೆ. ಕೂಸನ್ನೂ ಪೈಲ್ವಾನನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇದನ್ನು 1.73 ಚದರ ಮೀಟರ್ ಮೈಹರವಿಗೆ ಹೊಂದಿಸಿ ಹೇಳುವುದು ರೂಢಿ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ 25ರ ಹರೆಯದವರ ಚರ್ಮವನ್ನು ಬಿಡಿಸಿ ಹಾಸಿದರೆ ಸರಾಸರಿ ಎಷ್ಟು ಜಾಗ ಬೇಕಾಗುತ್ತದೋ ಅಷ್ಟು ಅದು. ಬೆಂಗಳೂರಲ್ಲಿ ಹುಟ್ಟಿದ ಮಗುವಿನ ರಿಪೋರ್ಟಿನಲ್ಲೂ ಇವತ್ತಿಗೂ ಆ 1.73 ಇದ್ದೇ ಇರುತ್ತದೆ.

ಆದರೆ ಸೋಸುವುದನ್ನು ಕಣ್ಣಾರೆ ಕಂಡವರಿಲ್ಲ. ಒಳಗೆ ಮೀಟರ್ ಕೂರಿಸಲಾಗದು. ಹಾಗಾದರೆ ಅಳೆಯುವುದು ಹೇಗೆ?

ಬಚ್ಚಲ ತೊಟ್ಟಿಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ನಲ್ಲಿಯಿಂದ ಸಣ್ಣಗೆ, ಒಂದೇ ಸಮನೆ ನೀರು ಬೀಳುತ್ತಿದೆ. ಕೆಳಗೆ ತೂಬಿನಿಂದ ಹರಿದು ಹೋಗುತ್ತಿದೆ. ತೊಟ್ಟಿಯಲ್ಲಿ ನೀರು ಒಂದು ಮಟ್ಟಕ್ಕೆ ಬಂದು ನಿಂತಿದೆ. ಈಗ ತೂಬು ಅರ್ಧ ಕಟ್ಟಿಕೊಂಡಿತು ಅನ್ನಿ. ನೀರು ಮೇಲೇರುತ್ತದೆ, ಏರಿ ಹೊಸದೊಂದು ಮಟ್ಟದಲ್ಲಿ ಮತ್ತೆ ನಿಲ್ಲುತ್ತದೆ. ತೂಬನ್ನು ಬಗ್ಗಿ ನೋಡಬೇಕಾಗಿಲ್ಲ. ನಲ್ಲಿಯ ಧಾರೆ ಬದಲಾಗಿಲ್ಲ ಎಂಬುದೊಂದು ಗೊತ್ತಿದ್ದರೆ ನೀರಿನ ಮಟ್ಟವೇ ತೂಬಿನ ಕತೆ ಹೇಳಿಬಿಡುತ್ತದೆ.

ನಮ್ಮ ರಕ್ತದಲ್ಲಿ ಒಂದೇ ಸಮನೆ ಬೀಳುವ ಅಂಥ ಧಾರೆಯೇ ಕ್ರಿಯಾಟಿನಿನ್. 1832ರಲ್ಲಿ ಫ್ರಾನ್ಸಿನ ಷೆವ್ರೆಲ್ ಮಾಂಸದ ಸಾರಿನಿಂದ ಕ್ರಿಯಾಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದ; ಗ್ರೀಕ್ ಭಾಷೆಯಲ್ಲಿ ಕ್ರೆಯಾಸ್ ಎಂದರೆ ಮಾಂಸ. ಹದಿನೈದು ವರ್ಷದ ಬಳಿಕ ಜರ್ಮನಿಯ ಲೀಬಿಗ್ ಅದರಿಂದ ಹುಟ್ಟುವ ಇನ್ನೊಂದಕ್ಕೆ ಕ್ರಿಯಾಟಿನಿನ್ ಎಂದು ಹೆಸರಿಟ್ಟ. ನಮ್ಮ ಸ್ನಾಯುಗಳು ಕ್ರಿಯಾಟಿನ್ನನ್ನು ಶಕ್ತಿಯ ಗಂಟಾಗಿ ಇಟ್ಟುಕೊಂಡಿರುತ್ತವೆ. ಆ ಗಂಟಿನಲ್ಲಿ ದಿನಕ್ಕೆ ನೂರಕ್ಕೆ ಎರಡು ಪಾಲಿನಷ್ಟು, ಯಾರ ಅಪ್ಪಣೆಗೂ ಕಾಯದೆ, ತಾನೇ ತಾನಾಗಿ ಕ್ರಿಯಾಟಿನಿನ್ ಆಗಿ ಕಳಚಿಕೊಳ್ಳುತ್ತದೆ. ಮಲಗಿದ್ದರೂ ಅಷ್ಟೇ, ಆಡುತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ. ಮೈಗೆ ಅದರಿಂದ ಯಾವ ಉಪಯೋಗವೂ ಇಲ್ಲ. ರಕ್ತಕ್ಕೆ ಬೀಳುತ್ತದೆ, ಕಿಡ್ನಿ ಸೋಸುತ್ತದೆ, ಮೂತ್ರದಲ್ಲಿ ಹೋಗುತ್ತದೆ. ಬೇಡವಾದ ಈ ಕಸವೇ ಅಂತರಂಗದ ಅಳತೆಗೋಲಾಗಿಬಿಟ್ಟಿದೆ!

ಆ ಕಸ ಕಣ್ಣಿಗೆ ಕಾಣುವುದನ್ನು ನಾನು ನೋಡಲೇಬೇಕಿತ್ತು. ನಮ್ಮೂರಿನಲ್ಲಿ ಸಣ್ಣ ಲ್ಯಾಬ್ ನಡೆಸುವ ಗೆಳೆಯನ ಹತ್ತಿರ ಹೋಗಿ ಕೂತೆ. ಅವನಲ್ಲಿರುವುದು ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರ. ಎಲ್ಲವನ್ನೂ ತಾನೇ ಮಾಡಿ ಮುಗಿಸುವ ದೊಡ್ಡ ಯಂತ್ರವಾಗಿದ್ದರೆ ನನಗೆ ಏನೂ ಕಾಣುತ್ತಿರಲಿಲ್ಲ. ಅವನು ಎರಡು ಬಾಟಲಿ ತೆಗೆದ. ಒಂದರಲ್ಲಿ ಪಿಕ್ರಿಕ್ ಆಮ್ಲ, ಅರಿಸಿನ ಕದಡಿದಂಥ ಕಡು ಹಳದಿ. ಒಣಗಲು ಬಿಟ್ಟರೆ ಸಿಡಿಯುವಂಥದ್ದು. ಹಿಂದೆ ಫಿರಂಗಿ ಗುಂಡುಗಳಲ್ಲಿ ಇದನ್ನೇ ತುಂಬುತ್ತಿದ್ದರು. ಇನ್ನೊಂದರಲ್ಲಿ ಕ್ಷಾರ. ಎರಡನ್ನೂ ಸಣ್ಣ ಗಾಜಿನ ಕೊಳವೆಯಲ್ಲಿ ಬೆರೆಸಿದ. ಅದಕ್ಕೆ, ರಕ್ತವನ್ನು ಗಿರಗಿರ ತಿರುಗಿಸಿ ಮೇಲೆ ತೇಲಿಸಿಕೊಂಡ ತಿಳಿಯಾದ ಸೀರಮ್ಮನ್ನು ಒಂದೆರಡು ಹನಿಯಷ್ಟು ಬಿಟ್ಟ.

"ಕಣ್ಣು ಮಿಟುಕಿಸ್ಬೇಡ. ಯಂತ್ರ ನೋಡೋದು ಒಂದು ನಿಮಿಷದ ಆಟ ಮಾತ್ರ," ಎಂದ.

ಹಳದಿ ತಿರುಗಿತು. ಮೊದಲು ಮಾವಿನಹಣ್ಣಿನ ಬಣ್ಣ, ಆಮೇಲೆ ನಿಧಾನಕ್ಕೆ ಕಿತ್ತಳೆಯ ಕಡೆಗೆ. ಯಂತ್ರ ಆ ಬಣ್ಣ ಎಷ್ಟಿದೆ ಎಂದು ಕೇಳುವುದಿಲ್ಲ, ಎಷ್ಟು ವೇಗವಾಗಿ ಏರುತ್ತಿದೆ ಎಂದು ಕೇಳುತ್ತದೆ. ಏರುವ ವೇಗವೇ ಕ್ರಿಯಾಟಿನಿನ್ ಪ್ರಮಾಣ.

ಈ ಬಣ್ಣ ಮೊದಲು ತಿರುಗಿದ್ದು 1886ರಲ್ಲಿ, ಕೋನಿಗ್ಸ್‌ಬರ್ಗ್ ಊರಿನಲ್ಲಿ, ಮ್ಯಾಕ್ಸ್ ಯಾಫೆ ಎಂಬವನ ಕೈಯಲ್ಲಿ. ಇವತ್ತು ಆ ಊರಿಗೆ ಕಲಿನಿನ್‌ಗ್ರಾದ್ ಎಂಬ ಹೆಸರು, ರಷ್ಯಾದ ಒಡೆತನ. ಮೂತ್ರಕ್ಕೆ ಪಿಕ್ರಿಕ್ ಆಮ್ಲ ಬೆರೆಸಿದಾಗ ತಳದಲ್ಲಿ ಕೂರುವ ಗಷ್ಟು ಯಾವುದು ಎಂದು ಯಾಫೆ ಹುಡುಕುತ್ತಿದ್ದ. ಹುಡುಕುತ್ತಾ ಈ ಬಣ್ಣವನ್ನು ಕಂಡ, ಬರೆದಿಟ್ಟ. ಅದರಿಂದ ಪ್ರಮಾಣ ಅಳೆಯಬಹುದು ಎಂದು ತೋರಿಸಿದವನು 1904ರಲ್ಲಿ ಓಟೊ ಫೋಲಿನ್. ದೇಶ ಹೋಯಿತು, ಊರಿನ ಹೆಸರು ಹೋಯಿತು. ಆ ಕಿತ್ತಳೆ ಬಣ್ಣ ಮಾತ್ರ ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಲ್ಯಾಬಿನಲ್ಲಿ ಈ ಸಂಜೆಯೂ ತಿರುಗುತ್ತಿರುತ್ತದೆ.

ಆದರೆ ಈ ಬಣ್ಣ ಮಕ್ಕಳಿಗೆ ಒಂದು ಮೋಸವನ್ನೂ ಮಾಡುತ್ತದೆ. ಪಿಕ್ರಿಕ್ ಆಮ್ಲಕ್ಕೆ ಕ್ರಿಯಾಟಿನಿನ್ ಒಂದೇ ನೆಂಟನಲ್ಲ. ರಕ್ತದಲ್ಲಿರುವ ಸಕ್ಕರೆ, ಪ್ರೋಟೀನು, ಕೆಲವು ಔಷಧಿಗಳು ಕೂಡ ತಮ್ಮ ಪಾಲಿನ ಬಣ್ಣ ಸೇರಿಸುತ್ತವೆ. ದೊಡ್ಡವರಲ್ಲಿ 1.0 ಇದ್ದಲ್ಲಿ 0.2 ಹೆಚ್ಚು ಬಿದ್ದರೆ ಐದರಲ್ಲೊಂದು ಪಾಲು ತಪ್ಪು. ಮೂರು ವರ್ಷದ ಮಗುವಿನ ಕ್ರಿಯಾಟಿನಿನ್ ಇರುವುದೇ 0.3ರ ಹತ್ತಿರ! ಅಲ್ಲಿ 0.2 ಹೆಚ್ಚು ಬಿದ್ದರೆ ಲೆಕ್ಕವೇ ತಲೆಕೆಳಗು. ಜಾಯಿಕಾಯಿ ತೂಗುವುದಕ್ಕೆ ಮೂಟೆ ತೂಗುವ ಕಾಟಾ ತಂದಂತೆ. ಅದಕ್ಕೇ ಈಗ ಮಕ್ಕಳ ಆಸ್ಪತ್ರೆಗಳಲ್ಲಿ ಕಿಣ್ವಗಳಿಂದ ಮಾಡುವ ಪರೀಕ್ಷೆಗೆ ಮರ್ಯಾದೆ. ಅದು ಕ್ರಿಯಾಟಿನಿನ್ ಬಿಟ್ಟು ಉಳಿದವುಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ಗೋಡೆಯ ಗೆರೆಗೆ ಬರೋಣ.

ಹಿಂದೆ ಮಕ್ಕಳ ಕಿಡ್ನಿಯ ವೇಗ ಅಳೆಯಬೇಕೆಂದರೆ 24 ಗಂಟೆಯ ಮೂತ್ರ ಕೂಡಿಸಬೇಕಿತ್ತು. ಒಂದು ಹನಿಯೂ ಚೆಲ್ಲದಂತೆ! ಮಗು ಸಾಕಿದವರಿಗೆ ಕೇಳಿ, ಹಾಸಿಗೆ, ತೊಟ್ಟಿಲು, ಅಜ್ಜಿಯ ಮಡಿಲು ಎಲ್ಲ ದಾಟಿ ಪೂರ್ತಿ ಮೂತ್ರ ಕ್ಯಾನಿಗೆ ಬೀಳುವುದು ಆಗುವ ಮಾತೇ? ಒಂದು ಸಲ ತಪ್ಪಿದರೆ ಇಡೀ ದಿನದ ಲೆಕ್ಕ ಸುಳ್ಳು. 1976ರಲ್ಲಿ ಜಾರ್ಜ್ ಶ್ವಾರ್ಟ್ಸ್ ಮತ್ತು ಜೊತೆಗಾರರು ನ್ಯೂಯಾರ್ಕ್‌ನಲ್ಲಿ ಈ ಕ್ಯಾನನ್ನೇ ಬದಿಗಿಟ್ಟರು. ಮಗುವಿನ ಎತ್ತರವನ್ನು ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸಿ, ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ, ಸಾಕು ಎಂದರು. ಇಷ್ಟೇ. ಸೆಂಟಿಮೀಟರ್ ಮೇಲೆ, ಕ್ರಿಯಾಟಿನಿನ್ ಕೆಳಗೆ, ಪಕ್ಕದಲ್ಲೊಂದು 0.55.

ಎತ್ತರ ಯಾಕೆ? ತೂಕ ಯಾಕಲ್ಲ, ವಯಸ್ಸು ಯಾಕಲ್ಲ? ಈ ಗಂಟು ಬಿಚ್ಚಿಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಎರಡು ರವೆ ಉಂಡೆ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತೆ. ಒಂದು ಉಂಡೆ ಇನ್ನೊಂದರ ಎರಡರಷ್ಟು ಅಗಲ ಅನ್ನಿ. ದೊಡ್ಡದಕ್ಕೆ ಹಿಡಿಯುವ ರವೆ ಎಂಟರಷ್ಟು. ಅದರ ಹೊರಮೈ ಮಾತ್ರ ನಾಲ್ಕರಷ್ಟೇ. ಮಗುವಿನ ಮೈಯೂ ಹಾಗೇ. ಬೆಳೆಯುತ್ತ ಹೋದಂತೆ ಸ್ನಾಯುವಿನ ರಾಶಿ ಉಂಡೆಯ ಒಳಗಿನ ರವೆಯಂತೆ ಏರುತ್ತದೆ, ಕ್ರಿಯಾಟಿನಿನ್ ಧಾರೆಯೂ ಅಷ್ಟೇ ಏರುತ್ತದೆ. ಕಿಡ್ನಿಯ ದುಡಿಮೆಯನ್ನು ನಾವು ಹೋಲಿಸುವುದು ಹೊರಮೈಗೆ. ಎಂಟನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಎರಡು. ಎರಡು ಯಾವುದು? ಉಂಡೆಯ ಅಗಲ! ಮಗುವಿನ ಉದ್ದ! ಘನವನ್ನು ವರ್ಗದಿಂದ ಭಾಗಿಸಿದರೆ ಬರಿಯ ಉದ್ದ ಉಳಿಯುತ್ತದೆ. ಹೈಸ್ಕೂಲಿನಲ್ಲಿ ಉರು ಹೊಡೆದು ಮರೆತ ಲೆಕ್ಕ, ಮಗುವಿನ ಕಿಡ್ನಿಯೊಳಗಿನ ಕತ್ತಲಿಗೆ ಹಿಡಿದ ದೀಪವಾಗಿ ಎದುರಿಗೆ ನಿಂತಿತ್ತು.

ಆಗ ಅರ್ಥವಾಯಿತು, ಅಕ್ಕನ ಕೈಯಲ್ಲಿದ್ದ ಹಾಳೆ ಎಲ್ಲಿ ಎಡವಿತ್ತು ಎಂದು. ಅದರಲ್ಲಿ ಅಚ್ಚಾಗಿದ್ದುದು ದೊಡ್ಡವರ ಮಿತಿ. ಅಪ್ಪನ ಮೈಯಲ್ಲಿ ಧಾರೆ ದಪ್ಪ, ಆದ್ದರಿಂದ ತೂಬು ಚೆನ್ನಾಗಿದ್ದರೂ ನೀರಿನ ಮಟ್ಟ 0.9ಕ್ಕೆ ನಿಲ್ಲುತ್ತದೆ. ಮಗುವಿನ ಧಾರೆ ಕೂದಲೆಳೆಯಷ್ಟು. ತೂಬು ಚೆನ್ನಾಗಿದ್ದರೆ ಅವನ ಮಟ್ಟ 0.4ರಲ್ಲಿ ನಿಲ್ಲಬೇಕಿತ್ತು, ಸೂತ್ರಕ್ಕೆ ಹಾಕಿ ನೋಡಿ, 113 ದಾಟುತ್ತದೆ. 0.9ಕ್ಕೆ ಏರಿದೆ ಎಂದರೆ ತೂಬು ಅರ್ಧಕ್ಕಿಂತ ಹೆಚ್ಚು ಕಟ್ಟಿದೆ. ರಕ್ತ ಕಳಿಸುವ ಚೀಟಿಯಲ್ಲಿ ಹೆಸರು, ವಯಸ್ಸು, ಗಂಡು-ಹೆಣ್ಣು ಎಲ್ಲಕ್ಕೂ ಜಾಗ ಇದೆ. ಎತ್ತರಕ್ಕೆ ಒಂದು ಗೆರೆ ಜಾಗ ಇಲ್ಲ. ಆ ಒಂದು ಗೆರೆ ಇದ್ದಿದ್ದರೆ ಇನ್ನೂ ಎಷ್ಟು ಮಕ್ಕಳ ಹಾಳೆಗಳು ಸರಿಯಾದ ಮಾತು ಆಡುತ್ತಿದ್ದವೋ ಎಂದು ಹೊಟ್ಟೆ ಉರಿಯುತ್ತದೆ.

ಈಗ ಕತೆಯ ಸೊಗಸಾದ ತಿರುವು. ಅದೇ 1976ರಲ್ಲಿ, ಸಮುದ್ರದ ಆಚೆ ಲಂಡನ್ನಿನಲ್ಲಿ ಕೌನಹನ್, ಬ್ಯಾರಟ್ ಮೊದಲಾದವರು ತಮ್ಮಷ್ಟಕ್ಕೆ ತಾವು ಇದೇ ಸೂತ್ರಕ್ಕೆ ಬಂದಿದ್ದರು. ಎತ್ತರ ಮೇಲೆ, ಕ್ರಿಯಾಟಿನಿನ್ ಕೆಳಗೆ. ಆದರೆ ಅವರ ಸ್ಥಿರ ಸಂಖ್ಯೆ 0.55 ಅಲ್ಲ, 0.43. ಯಾಕೆಂದರೆ ಅವರು ಪಿಕ್ರಿಕ್ ಆಮ್ಲದ ಸುಳ್ಳು ಬಣ್ಣಗಳನ್ನು ಮೊದಲೇ ಸೋಸಿ ತೆಗೆದು, ನಿಜವಾದ ಕ್ರಿಯಾಟಿನಿನ್ ಮಾತ್ರ ಅಳೆದಿದ್ದರು. ಶ್ವಾರ್ಟ್ಸ್ ಸೂತ್ರ ಲೋಕವೆಲ್ಲ ಹರಡಿತು. ಆದರೆ ಲ್ಯಾಬುಗಳು ಶುದ್ಧ ವಿಧಾನಕ್ಕೆ ಹೊರಳಿದಂತೆಲ್ಲ 0.55 ಹಾಕಿದರೆ ಮಕ್ಕಳ ಕಿಡ್ನಿಗಳು ಇದ್ದದ್ದಕ್ಕಿಂತ ಚೆನ್ನಾಗಿವೆ ಎಂದು ತೋರತೊಡಗಿದವು. 2009ರಲ್ಲಿ ಶ್ವಾರ್ಟ್ಸ್ ತಾವೇ ಕೂತು, ಉತ್ತರ ಅಮೆರಿಕದ ಹಲವು ಆಸ್ಪತ್ರೆಗಳ 349 ಮಕ್ಕಳ ಅಳತೆ ಹಿಡಿದು, ತಮ್ಮ ಸಂಖ್ಯೆಯನ್ನು ತಾವೇ ತಿದ್ದಿದರು. 0.413! ಮೂವತ್ತಮೂರು ವರ್ಷ ಸುತ್ತಿ ಬಂದು ಲಂಡನ್ನಿನ 0.43ರ ಮನೆಬಾಗಿಲಿಗೇ ತಲುಪಿದರು. ಬೇರೆ ಊರು, ಬೇರೆ ಮಕ್ಕಳು, ಬೇರೆ ಯಂತ್ರ; ಉತ್ತರ ಹೆಚ್ಚುಕಡಿಮೆ ಒಂದೇ. ತನ್ನ ಹೆಸರಿನ ಸೂತ್ರವನ್ನು ತಾನೇ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ದೊಡ್ಡ ಮನಸ್ಸು ಬೇಕು. ಅವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಆ 349 ಮಕ್ಕಳ ನಿಜವಾದ ವೇಗ ಅಳೆದದ್ದು ಹೇಗೆಂದರೆ, ಅಯೊಹೆಕ್ಸಾಲ್ ಎಂಬ ದ್ರವವನ್ನು ಐದು ಮಿಲಿಲೀಟರ್ ರಕ್ತನಾಳಕ್ಕೆ ಬಿಟ್ಟು, 10ನೇ, 30ನೇ, 120ನೇ ಮತ್ತು 300ನೇ ನಿಮಿಷಕ್ಕೆ ರಕ್ತ ತೆಗೆದು, ಎಷ್ಟು ಬೇಗ ಅದು ಮಾಯವಾಗುತ್ತದೆ ಎಂದು ನೋಡಿ. ಐದು ಗಂಟೆ ಮಗು ಸೂಜಿಯ ಭಯದಲ್ಲಿ ಕೂತಿರಬೇಕು. ಅಂದು ಆ ಮಕ್ಕಳು ಅಲ್ಲಿ ಕೂತದ್ದರಿಂದ ಇಂದು ನಮ್ಮ ಹುಡುಗನಿಗೆ ಒಂದು ಸೂಜಿ, ಒಂದು ಪೆನ್ಸಿಲ್ ಗೆರೆ ಸಾಕಾಯಿತು. ಅವರ ಹೆಸರು ನಮಗೆ ಗೊತ್ತಿಲ್ಲ. ಆ 0.413ರೊಳಗೆ ಅವರೆಲ್ಲರೂ ಇದ್ದಾರೆ.

ಸೂತ್ರ ಕರಾರುವಾಕ್ಕಲ್ಲ, ಅದನ್ನೂ ಹೇಳಲೇಬೇಕು. ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳಿಗೆ ಮಾತ್ರ ಅದರ ಉತ್ತರ ನಿಜವಾದ ವೇಗದ ಶೇ. 30ರ ಆಚೀಚೆಯೊಳಗೆ ಬೀಳುತ್ತದೆ. ಅದು ಸ್ನಾಯುವನ್ನು ನಂಬಿದ ಲೆಕ್ಕ. ಬೆನ್ನುಹುರಿಯ ದೋಷದಿಂದ ನಡೆಯಲಾಗದ ಮಗು, ಸ್ನಾಯು ಕರಗುವ ರೋಗದ ಹುಡುಗ, ಹೊಟ್ಟೆತುಂಬ ಉಣ್ಣದೆ ಬಡಕಲಾದ ಕೂಸು, ಇವರಲ್ಲಿ ಧಾರೆಯೇ ಸಣ್ಣ. ತೂಬು ಕಟ್ಟಿದ್ದರೂ ಮಟ್ಟ ಏರುವುದಿಲ್ಲ. ಕಿಡ್ನಿ ಸೋಲುತ್ತಿದ್ದರೂ ರಕ್ತ ಎಲ್ಲ ಚೆನ್ನಾಗಿದೆ ಎನ್ನುತ್ತದೆ. ಅಪೌಷ್ಟಿಕತೆಯ ಮಕ್ಕಳು ಇನ್ನೂ ಇರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಯಾಕೆಂದರೆ ಅಮಿಕಾಸಿನ್ ಥರದ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಎಷ್ಟು ಕೊಡಬೇಕು, ಎಷ್ಟು ಗಂಟೆಗೊಮ್ಮೆ ಕೊಡಬೇಕು ಎಂಬುದೆಲ್ಲ ಈ ಅಂಕಿಯ ಮೇಲೇ ನಿಂತಿರುತ್ತದೆ.

ಇನ್ನೊಂದು ಜಾಗದಲ್ಲಂತೂ ಕ್ರಿಯಾಟಿನಿನ್ ಕೈ ಚೆಲ್ಲಿ ಕೂರುತ್ತದೆ. ಆಗತಾನೇ ಹುಟ್ಟಿದ ಕೂಸಿನ ರಕ್ತದಲ್ಲಿರುವ ಕ್ರಿಯಾಟಿನಿನ್ ಬಹುಪಾಲು ಕೂಸಿನದ್ದಲ್ಲ, ತಾಯಿಯದ್ದು! ಮಾಸು ದಾಟಿ ಇತ್ತಿಂದತ್ತ ಓಡಾಡಿದ್ದು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೂ, ಮೊದಲ ದಿನ ಕೂಸಿನ ರಕ್ತ ಪರೀಕ್ಷಿಸಿದರೆ ಅಲ್ಲಿ ಅಮ್ಮನ ಕಿಡ್ನಿಯ ಸುದ್ದಿ ಸಿಗುತ್ತದೆ. ದಿನ ಕಳೆದಂತೆ ಅದು ತೊಳೆದು ಹೋಗಿ ಕೂಸಿನ ಸ್ವಂತ ಅಂಕಿ ಮೇಲೆ ಬರುತ್ತದೆ. ಇದನ್ನು ಓದಿದ ದಿನ ಪುಸ್ತಕ ಮುಚ್ಚಿ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತೆ. ಹೆತ್ತ ಮೇಲೂ ಒಂದೆರಡು ದಿನ ತಾಯಿ ಮಗುವಿನ ರಕ್ತದಲ್ಲಿ ಹೀಗೆ ಉಳಿದಿರುತ್ತಾಳಲ್ಲ!

ಮತ್ತೆ ಆ ಕೂಸಿನ ಕಿಡ್ನಿಯೊಳಗೆ ಇನ್ನೊಂದು ಬೆರಗು. ನೆಫ್ರಾನ್ ಎಂಬ ಸೋಸುವ ಕೊಳವೆಗಳು ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ. ಒಬ್ಬರಿಂದೊಬ್ಬರಿಗೆ ತುಂಬ ಹೆಚ್ಚುಕಡಿಮೆ. ಇವೆಲ್ಲ ಗರ್ಭದ 36ನೇ ವಾರದ ಹೊತ್ತಿಗೆ ಕಟ್ಟಿ ಮುಗಿದಿರುತ್ತವೆ. ತಿಂಗಳು ತುಂಬಿ ಹುಟ್ಟಿದ ಮೇಲೆ ಹೊಸದೊಂದೂ ಹುಟ್ಟುವುದಿಲ್ಲ. ನೂರು ವರ್ಷ ಬದುಕಿದರೂ ಅಮ್ಮನ ಹೊಟ್ಟೆಯಲ್ಲಿ ಸಿಕ್ಕಿದ ಆ ಗಂಟಿನಲ್ಲೇ ಸಂಸಾರ ನಡೆಸಬೇಕು. ಹುಟ್ಟುವಾಗಿನ ತೂಕ ಮುಂದಿನ ಬಾಳಿನ ರೋಗಗಳಿಗೆ ಹೇಗೆ ತಳುಕು ಹಾಕಿಕೊಂಡಿದೆ ಎಂದು ಹುಡುಕುವ ಸಂಶೋಧನೆಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳು ನೆರವಾದವು. ಅಲ್ಲಿ ನೋಡಿದ್ದು ಹೃದಯ ಮತ್ತು ಸಕ್ಕರೆ ಕಾಯಿಲೆ. ಕಡಿಮೆ ತೂಕದ ಕೂಸಿಗೆ ನೆಫ್ರಾನ್‌ಗಳೂ ಕಡಿಮೆ ಎನ್ನುವುದು ಅದೇ ವಿಚಾರದ ಇನ್ನೊಂದು ಕವಲು.

ಸ್ನಾಯುವನ್ನು ನಂಬದ, ತಾಯಿಯಿಂದ ಹರಿದು ಬರದ ಇನ್ನೊಂದು ಧಾರೆ ಇದ್ದರೆ? ಇದೆ! ಅದರ ಹೆಸರು ಸಿಸ್ಟಾಟಿನ್ ಸಿ. 1961ರಲ್ಲಿ ಮೆದುಳನ್ನು ಸುತ್ತುವರಿದ ದ್ರವದಲ್ಲಿ ಒಂದು ಪುಟ್ಟ ಪ್ರೋಟೀನಿನ ಮಸುಕು ಗೆರೆ ಕಂಡಿತ್ತು. ಏನು, ಯಾತಕ್ಕೆ ಎಂದು ಯಾರಿಗೂ ತಿಳಿಯದೆ ಗಾಮಾ ಟ್ರೇಸ್ ಎಂದು ಕರೆದು ಬಿಟ್ಟಿದ್ದರು. ಸ್ವೀಡನ್ನಿನ ಲುಂಡ್ ಊರಿನಲ್ಲಿ ಆಂಡರ್ಸ್ ಗ್ರುಬ್ ಅದನ್ನು ಬಿಡಲಿಲ್ಲ. 1982ರಲ್ಲಿ ಅದರ 120 ಅಮೈನೊ ಆಮ್ಲಗಳನ್ನು ಸರದ ಮಣಿಗಳಂತೆ ಒಂದೊಂದಾಗಿ ಎಣಿಸಿ ಬರೆದರು. 1985ರ ಹೊತ್ತಿಗೆ, ರಕ್ತದಲ್ಲಿ ಇದರ ಮಟ್ಟ ಕಿಡ್ನಿಯ ವೇಗಕ್ಕೆ ಕನ್ನಡಿ ಹಿಡಿಯುತ್ತದೆ ಎಂದು ತೋರಿಸಿದರು. ಮೈಯಲ್ಲಿ ನ್ಯೂಕ್ಲಿಯಸ್ ಇರುವ ಪ್ರತಿ ಜೀವಕೋಶವೂ ಇದನ್ನು ಒಂದೇ ಹದದಲ್ಲಿ ತಯಾರಿಸುತ್ತಿರುತ್ತದೆ. ಪೈಲ್ವಾನನಾದರೂ ಬಡಕಲನಾದರೂ ದೊಡ್ಡ ವ್ಯತ್ಯಾಸವಿಲ್ಲ. ಕಿಡ್ನಿ ಇದನ್ನು ಸೋಸಿ, ಒಳಗೆಳೆದುಕೊಂಡು, ಅಲ್ಲೇ ಚೂರುಚೂರು ಮಾಡಿಬಿಡುತ್ತದೆ. ರಕ್ತಕ್ಕೆ ಮರಳಿ ಬರುವ ಮಾತೇ ಇಲ್ಲ. ಒಂದು ವರ್ಷ ದಾಟಿದ ಮಗುವಿನಲ್ಲೂ ನಡುವಯಸ್ಸಿನವರಲ್ಲೂ ಇದರ ಸಹಜ ಮಟ್ಟ ಹೆಚ್ಚುಕಡಿಮೆ ಒಂದೇ. ಎತ್ತರ ಬೇಕಿಲ್ಲ, ಗೋಡೆ ಬೇಕಿಲ್ಲ! ಥೈರಾಯ್ಡ್ ತೊಂದರೆ ಇದ್ದರೆ, ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಇದೂ ದಾರಿ ತಪ್ಪಿಸಬಹುದು. ಖರ್ಚೂ ಹೆಚ್ಚು. ಅದಕ್ಕೇ ಎಲ್ಲರಿಗೂ ಬರೆಯುವುದಿಲ್ಲ.

ನಮ್ಮ ಹುಡುಗನಿಗೆ ಬರೆದರು. ಎರಡು ದಿನ ಬಿಟ್ಟು ಉತ್ತರ ಬಂತು: 1.45. ಅದಕ್ಕೆ ಬೇರೆಯೇ ಸೂತ್ರ, ಘಾತ ಗೀತ ಎಲ್ಲ ಇರುವಂಥದ್ದು. ವೈದ್ಯರು ಹಾಕಿ ತೋರಿಸಿದರು. 50.

ಕೂದಲು ನಿಮಿರಿತು. ಒಂದು ಸಾಕ್ಷಿ ಸ್ನಾಯುವಿನಿಂದ ಬಂದದ್ದು, ಇನ್ನೊಂದು ಮೈಯ ಕೋಟಿ ಕೋಟಿ ಕೋಶಗಳಿಂದ. ಒಂದರ ಮುಖ ಇನ್ನೊಂದು ನೋಡಿಲ್ಲ. ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಗಣಿತ. ಎರಡೂ ಬಂದು ಒಂದೇ ಮಾತು ಹೇಳಿದವು. ಇಷ್ಟು ಹತ್ತಿರ ಬರುವುದು ಯಾವಾಗಲೂ ಆಗುವುದಿಲ್ಲ ಎಂದು ವೈದ್ಯರು ಎಚ್ಚರಿಸಿದರು. ಅದಕ್ಕೇ ಎರಡನ್ನೂ ಮಾಡಿ ಸರಾಸರಿ ತೆಗೆದರೆ ಒಂದೊಂದಕ್ಕಿಂತ ಹೆಚ್ಚು ನಂಬಬಹುದಂತೆ.

ಕಾರಣ ಆಮೇಲೆ ಸ್ಕ್ಯಾನಿಂಗಿನಲ್ಲಿ ಸಿಕ್ಕಿತು. ಹುಟ್ಟುವಾಗಲೇ ಮೂತ್ರನಾಳದಲ್ಲಿ ತೆಳ್ಳನೆಯ ಪೊರೆಯೊಂದು ಕವಾಟದಂತೆ ಅಡ್ಡ ಕೂತಿತ್ತು. ಗಂಡುಮಕ್ಕಳಲ್ಲಿ ಮಾತ್ರ ಬರುವ ತೊಂದರೆ. ಹಾಸಿಗೆ ಒದ್ದೆಯಾಗುತ್ತಿದ್ದದ್ದು ಸೋಮಾರಿತನದಿಂದ ಅಲ್ಲ, ಹಟದಿಂದಲೂ ಅಲ್ಲ. ಎಷ್ಟು ಸಲ ಗದರಿದ್ದೆವು ಅವನಿಗೆ! ದುರ್ಬೀನು ಹಾಕಿ ಆ ಪೊರೆಯನ್ನು ಸೀಳಿದರು. ಹೋದ ನೆಫ್ರಾನ್‌ಗಳು ಮರಳುವುದಿಲ್ಲ. ಉಳಿದವನ್ನು ಕಾಪಾಡಿಕೊಳ್ಳಬೇಕು.

ಸೂತ್ರದ ಬೆಳವಣಿಗೆ ಇನ್ನೂ ನಿಂತಿಲ್ಲ. ಹದಿನೆಂಟು ತುಂಬಿದ ದಿನ ಏನಾಗುತ್ತದೆ ನೋಡಿ. 165 ಸೆಂಟಿಮೀಟರ್ ಎತ್ತರದ ಹುಡುಗ, ಕ್ರಿಯಾಟಿನಿನ್ 1.0. ನಿನ್ನೆ ಮಕ್ಕಳ ಸೂತ್ರದಲ್ಲಿ ಅವನ ವೇಗ 68. ಇವತ್ತು ಹುಟ್ಟುಹಬ್ಬ, ದೊಡ್ಡವರ ಸೂತ್ರಕ್ಕೆ ಹಾಕಿದರೆ 112! ರಾತ್ರೋರಾತ್ರಿ ಕಿಡ್ನಿ ಬದಲಾಗಿಲ್ಲ, ಸೂತ್ರ ಬದಲಾಗಿದೆ. ಈ ಕಂದಕಕ್ಕೆ ಸೇತುವೆ ಕಟ್ಟಲು 2021ರಲ್ಲಿ ಉತ್ತರ ಅಮೆರಿಕದ ಅದೇ 349 ಮಕ್ಕಳ ಅಧ್ಯಯನದವರು ಒಂದರಿಂದ 25 ವರ್ಷದವರೆಗೆ ಸಲ್ಲುವ ಹೊಸ ಸೂತ್ರ ತಂದರು. ಅಲ್ಲಿ ಸ್ಥಿರ ಸಂಖ್ಯೆ ಸ್ಥಿರವಾಗಿಲ್ಲ. ಹುಡುಗನಿಗೊಂದು, ಹುಡುಗಿಗೊಂದು, ಹನ್ನೆರಡರ ತನಕ ಮೆಲ್ಲಗೆ ಏರಿ, ಹರೆಯದಲ್ಲಿ ಸ್ನಾಯು ತುಂಬುವಾಗ ದಾಪುಗಾಲು ಹಾಕಿ, ಹದಿನೆಂಟಕ್ಕೆ ನಿಲ್ಲುತ್ತದೆ. ಮಗುವಿನ ಜೊತೆ ಸೂತ್ರವೂ ಬೆಳೆಯುತ್ತದೆ! ಆ ಹುಟ್ಟುಹಬ್ಬದ ಹುಡುಗನಿಗೆ ಅದು ಕೊಡುವ ಉತ್ತರ 84ರ ಹತ್ತಿರ, ಎರಡರ ನಡುವೆ.

ಕಿಡ್ನಿಗೆ ಹಾನಿ ಆಗುತ್ತಿರುವಾಗಲೇ ಕೂಗಿ ಹೇಳುವ ಗುರುತುಗಳನ್ನೂ ಹುಡುಕಿದ್ದಾರೆ. ಸಿನ್ಸಿನಾಟಿಯಲ್ಲಿ ಪ್ರಸಾದ್ ದೇವರಾಜನ್ ತಂಡ 2005ರಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಾದ 71 ಮಕ್ಕಳನ್ನು ಗಮನಿಸಿ, ಕಿಡ್ನಿಗೆ ಪೆಟ್ಟು ಬಿದ್ದವರಲ್ಲಿ ಎನ್‌ಗಾಲ್ ಎಂಬ ಪ್ರೋಟೀನು ಎರಡೇ ಗಂಟೆಯಲ್ಲಿ ಏರುವುದನ್ನು ಕಂಡಿತು. ಕ್ರಿಯಾಟಿನಿನ್ ಏರಿ ಸುದ್ದಿ ಮುಟ್ಟಿಸಲು ಒಂದರಿಂದ ಮೂರು ದಿನ ಬೇಕಾಗಿತ್ತು.

ಮೊನ್ನೆ ಮತ್ತೆ ತೋರಿಸಲು ಹೋಗಿದ್ದೆವು, ಆರು ತಿಂಗಳಾಗಿತ್ತು. ಈ ಸಲ ಯಾರೂ ಹೇಳದೆ ಹುಡುಗ ತಾನೇ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಂತ. ಗದ್ದ ಎತ್ತಿ ಕ್ಯಾಲೆಂಡರ್ ನೋಡಿದ. ಹಳೆಯ ಗೆರೆಯ ಮೇಲೆ ಹೊಸ ಗೆರೆ ಬಿತ್ತು. 112. ಅಕ್ಕ ರಿಪೋರ್ಟ್ ಕೊಟ್ಟಳು. ಕ್ರಿಯಾಟಿನಿನ್ ಅದೇ 0.9.

"ಬದಲಾಗಿಲ್ವಲ್ಲ ಡಾಕ್ಟ್ರೇ," ಅವಳ ದನಿ ನಡುಗಿತು.

"ಅವನು ಎರಡು ಸೆಂಟಿಮೀಟರ್ ಬೆಳೆದಿದ್ದಾನಮ್ಮಾ. ಸ್ನಾಯು ಬೆಳೆದಿದೆ, ಕ್ರಿಯಾಟಿನಿನ್ ಹೆಚ್ಚು ಸುರೀತಿದೆ. ಆದ್ರೂ ಮಟ್ಟ ಏರಿಲ್ಲ." ಮೊಬೈಲ್ ಅವಳ ಕಡೆ ತಿರುಗಿಸಿದರು. 51.4.

ಹುಡುಗ ಇನ್ನೂ ಗೋಡೆಯ ಹತ್ತಿರವೇ ಇದ್ದ. ಎರಡು ಗೆರೆಗಳ ನಡುವಿನ ಜಾಗವನ್ನು ಬೆರಳಿನಿಂದ ಅಳೆಯುತ್ತಿದ್ದ.